ಇಪ್ಪತ್ತೊಂದರ ಹರೆಯದ ಆತ್ಮಚರಿತ್ರೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಅಮೆರಿಕದಲ್ಲಿ ವೈದ್ಯಕೀಯ ಕಾಲೇಜು ಸೇರಲು ಅರ್ಜಿ ಹಾಕುವ ವಿದ್ಯಾರ್ಥಿ ತಾನು ಯಾಕೆ ಡಾಕ್ಟರಾಗಬೇಕು ಎಂಬುದನ್ನು 5,300 ಅಕ್ಷರಗಳೊಳಗೆ ಬರೆದುಕೊಡಬೇಕು. ಪದಗಳ ಲೆಕ್ಕವಲ್ಲ, ಅಕ್ಷರಗಳ ಲೆಕ್ಕ. ಪದಗಳ ನಡುವೆ ಬಿಡುವ ಖಾಲಿ ಜಾಗವೂ ಅದರಲ್ಲಿ ಸೇರುತ್ತದೆ. ಅದರ ಜೊತೆಗೆ ಕಾಲೇಜು ದಿನಗಳಲ್ಲಿ ಮಾಡಿದ ಕೆಲಸ, ಸೇವೆ, ಸಂಶೋಧನೆ, ಹವ್ಯಾಸ ಎಲ್ಲ ಸೇರಿ ಹದಿನೈದು ಬಾಬತ್ತುಗಳನ್ನು ಪಟ್ಟಿ ಮಾಡಬಹುದು, ಒಂದೊಂದಕ್ಕೂ 700 ಅಕ್ಷರ. ಆ ಹದಿನೈದರಲ್ಲಿ ತನಗೆ ಬಹಳ ಮುಖ್ಯವೆನಿಸಿದ ಮೂರರ ಬಗ್ಗೆ ಇನ್ನೂ 1,325 ಅಕ್ಷರ ಬರೆಯಲು ಅವಕಾಶವುಂಟು. ಬರೆಯುವವರಲ್ಲಿ ಅನೇಕರ ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ನಮ್ಮಲ್ಲಿ ಆತ್ಮಚರಿತ್ರೆ ಎಂದರೆ ಪಿಂಚಣಿ ಶುರುವಾದ ಮೇಲೆ ಕೈಹಾಕುವ ಕೆಲಸ.

ಈ ದತ್ತಿಯನ್ನು ಇಟ್ಟವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಶಿಕ್ಷಣಕ್ಕೆ ಸಂಬಂಧಪಟ್ಟ ಯಾವ ವಿಷಯವಾದರೂ ಸರಿ, ಯಾವ ದೇಶದ್ದಾದರೂ ಸರಿ ಎಂದು ಬರೆದಿಟ್ಟಿದ್ದಾರಂತೆ. ಸಂಘಟಕರು ‘ನೀಟ್ ಬಗ್ಗೆ ಮಾತಾಡಿ ಸಾರ್’ ಅಂದರು. ನೀಟ್ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲ ತಂದೆತಾಯಿಗಳು ಮುಂದಿನ ಎರಡು ಸಾಲುಗಳಲ್ಲೇ ಕೂತಿದ್ದಾರೆ. ನಾನು ಶರೀರಕ್ರಿಯಾಶಾಸ್ತ್ರದ ಪಾಠ ಮಾಡಿ ನಿವೃತ್ತನಾದವನು. ನನ್ನ ಮುಂದೆ ಬಂದು ಕೂತ ಯಾವ ಹುಡುಗನನ್ನೂ ಹುಡುಗಿಯನ್ನೂ ನಾನು ಆರಿಸಿದ್ದಲ್ಲ. ಪಟ್ಟಿ ಬೆಂಗಳೂರಿನಿಂದ ಬರುತ್ತಿತ್ತು, ನಾವು ಹಾಜರಿ ಕರೆಯುತ್ತಿದ್ದೆವು. ಮೇಷ್ಟ್ರುಗಳೇ ಕೂತು ಆರಿಸುವ ಪದ್ಧತಿ ಎಲ್ಲಾದರೂ ಇದ್ದರೆ ಅದು ಹೇಗೆ ನಡೆಯುತ್ತದೆ ಎಂಬ ಕುತೂಹಲ ನನಗೆ ಬಂದದ್ದು ಹಾಗೆ.

ಅಮೆರಿಕದಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ನೇರವಾಗಿ ಮೆಡಿಕಲ್ ಸೇರುವ ದಾರಿ ಬಹಳ ಕಿರಿದು. ಮಿಸ್ಸೂರಿಯ ಕಾನ್ಸಾಸ್ ಸಿಟಿಯಲ್ಲಿ 1971ರಿಂದ ನಡೆದು ಬಂದಿರುವ ಆರು ವರ್ಷದ ಕೋರ್ಸಿನಂಥವು ಕೆಲವು ಇವೆ. ನಮ್ಮ ಕನ್ನಡ ಕೂಟಗಳ ಊಟದ ಸಾಲಿನಲ್ಲಿ ಅವುಗಳ ಹೆಸರು ತಪ್ಪದೆ ಕೇಳಿಬರುತ್ತದೆ. ಉಳಿದ ಬಹುಪಾಲು ಮಂದಿ ನಾಲ್ಕು ವರ್ಷದ ಪದವಿ ಮುಗಿಸಿ, ಆಮೇಲೆ ನಾಲ್ಕು ವರ್ಷ ಎಂ.ಡಿ. ಓದಬೇಕು. ಅವರ ಎಂ.ಡಿ. ನಮ್ಮ ಎಂಬಿಬಿಎಸ್‌ನ ಜಾಗದಲ್ಲಿ ಬರುವ ಪದವಿ. ಕಾಲೇಜಿನಲ್ಲಿ ಇತಿಹಾಸ ಓದಿ, ಸಂಗೀತ ಓದಿ, ಯಾರೂ ಬೇಡ ಅನ್ನುವುದಿಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ಕೆಲವು ನಿಗದಿತ ಪಾಠಗಳನ್ನು ಪ್ರಯೋಗಾಲಯ ಸಮೇತ ಮುಗಿಸಿರಬೇಕು, ಅಷ್ಟೆ. ಮೂರನೆಯ ವರ್ಷ ಮುಗಿದ ಬೇಸಿಗೆಯಲ್ಲಿ, ಮೇ ಕೊನೆಗೋ ಜೂನ್ ಮೊದಲಿಗೋ ಅರ್ಜಿ ಸಲ್ಲಿಸಿದರೆ ತರಗತಿ ಶುರುವಾಗುವುದು ಮರುವರ್ಷದ ಜುಲೈ, ಆಗಸ್ಟಿನಲ್ಲಿ. ಅರ್ಜಿಗೂ ಸೀಟಿಗೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ. ನಮ್ಮ ಕೌನ್ಸೆಲಿಂಗಿನ ಎರಡು ಸುತ್ತಿನ ನಡುವಿನ ಹತ್ತು ದಿನದಲ್ಲೇ ಮನೆಮಂದಿಗೆಲ್ಲ ರಕ್ತದೊತ್ತಡ ಏರಿರುತ್ತದೆ.

ಮೊದಲು ಪದವಿ, ಆಮೇಲೆ ಮೆಡಿಕಲ್ ಎಂಬ ಈ ತಡವನ್ನು ಅವರು ಬೇಕೆಂದೇ ಕಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಅನೇಕ ಮೆಡಿಕಲ್ ಕಾಲೇಜುಗಳು ಶುದ್ಧ ವ್ಯಾಪಾರದ ಅಂಗಡಿಗಳಾಗಿದ್ದವು. ಫೀಸು ಕೊಟ್ಟವನು ಹೈಸ್ಕೂಲು ಮುಗಿಸಿದ್ದಾನೋ ಇಲ್ಲವೋ ಎಂದು ಕೇಳುವವರಿರಲಿಲ್ಲ. 1893ರಲ್ಲಿ ಬಾಲ್ಟಿಮೋರಿನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ, ಬಿ.ಎ. ಪದವಿ ಇಲ್ಲದವರಿಗೆ ಪ್ರವೇಶವಿಲ್ಲ ಎಂದಿತು. ಅದರ ಹಿಂದೆ ಒಂದು ಸ್ವಾರಸ್ಯವಿದೆ. ಶಾಲೆ ತೆರೆಯಲು ದುಡ್ಡು ಸಾಲದೆ ನಿಂತಿದ್ದಾಗ ಮೇರಿ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ಮೂರು ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟರು, ಷರತ್ತು ಹಾಕಿ ಕೊಟ್ಟರು. ಹೆಂಗಸರನ್ನು ಗಂಡಸರಷ್ಟೇ ಸಮಾನವಾಗಿ ಸೇರಿಸಿಕೊಳ್ಳಬೇಕು, ಮತ್ತು ಪದವಿ ಕಡ್ಡಾಯವಾಗಬೇಕು. ಅಲ್ಲಿನ ಹೆಸರಾಂತ ಪ್ರಾಧ್ಯಾಪಕ ವಿಲಿಯಂ ಆಸ್ಲರ್, ನಾವು ಮೇಷ್ಟ್ರುಗಳಾಗಿ ಒಳಗೆ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ನಮಗೆ ಸೀಟು ಸಿಗುತ್ತಿರಲಿಲ್ಲ ಎಂದು ಸಹೋದ್ಯೋಗಿಯ ಹತ್ತಿರ ತಮಾಷೆ ಮಾಡಿದ್ದರಂತೆ. ದಾನಿಗಳ ಷರತ್ತಿನಿಂದ ಒಂದು ದೇಶದ ಶಿಕ್ಷಣದ ದಿಕ್ಕೇ ಬದಲಾಗಬಹುದು ಎಂಬುದನ್ನು ದತ್ತಿ ಉಪನ್ಯಾಸದಲ್ಲಿ ಹೇಳಲು ನನಗೆ ವಿಶೇಷ ಸಂತೋಷ.

ಆಮೇಲೆ ಬಂದವರು ಅಬ್ರಹಾಂ ಫ್ಲೆಕ್ಸ್‌ನರ್. ಅವರು ಡಾಕ್ಟರಲ್ಲ, ಕೆಂಟಕಿಯ ಲೂಯಿವಿಲ್ ಊರಿನಲ್ಲಿ ಖಾಸಗಿ ಶಾಲೆ ನಡೆಸಿದ ಮೇಷ್ಟ್ರು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ನೋಡಿ 1910ರಲ್ಲಿ ವರದಿ ಕೊಟ್ಟರು. ಪ್ರಯೋಗಾಲಯವೆಂದು ತೋರಿಸಿದ ಕೋಣೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಊರು, ಕಾಲೇಜುಗಳ ಹೆಸರು ಹಿಡಿದೇ ಬರೆದರು. ಕಡೇಪಕ್ಷ ಎರಡು ವರ್ಷ ಕಾಲೇಜು ಓದಿದವರನ್ನೇ ಸೇರಿಸಿಕೊಳ್ಳಬೇಕು, 155 ಶಾಲೆಗಳ ಬದಲು 31 ಇದ್ದರೆ ಸಾಕು ಎಂಬುದು ಅವರ ಶಿಫಾರಸು. ಕಾಲೇಜುಗಳು ಸಾಲುಸಾಲಾಗಿ ಮುಚ್ಚಿದವು. ಆಧುನಿಕ ಅಮೆರಿಕನ್ ವೈದ್ಯಶಿಕ್ಷಣಕ್ಕೆ ಇದೇ ಬುನಾದಿ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಪಠ್ಯಪುಸ್ತಕ ಅವಸರದಲ್ಲಿ ದಾಟಿಹೋಗುವ ಸಂಗತಿ ಇನ್ನೊಂದಿದೆ: ಕಪ್ಪು ಜನರಿಗಾಗಿ ಇದ್ದ ಏಳು ವೈದ್ಯಕೀಯ ಶಾಲೆಗಳಲ್ಲಿ ಕೊನೆಗೆ ಉಳಿದದ್ದು ಹೋವರ್ಡ್ ಮತ್ತು ಮೆಹಾರಿ, ಎರಡೇ. ಮಟ್ಟ ಏರಿದ್ದು ನಿಜ. ಮೆಟ್ಟಿಲು ಹತ್ತಲು ಬೇಕಾದ ಹಣ, ವರ್ಷಗಳು ಯಾರ ಬಳಿ ಇರಲಿಲ್ಲವೋ ಅವರು ಹೊರಗುಳಿದದ್ದೂ ಅಷ್ಟೇ ನಿಜ. ಈ ಎರಡನ್ನು ಬಿಡಿಸಿ ನೋಡಲು ನನಗೆ ಈವರೆಗೆ ಸಾಧ್ಯವಾಗಿಲ್ಲ.

ಈಗ ಕಾಲೇಜು ಮೆಟ್ಟಿಲು ಹತ್ತಿದ ಹದಿನೆಂಟರ ಹುಡುಗಿಯೊಬ್ಬಳನ್ನು ನೆನೆಯಿರಿ. ಮೊದಲ ಎರಡು ವರ್ಷದಲ್ಲಿ ಅವಳೆದುರು ನಿಲ್ಲುವ ಗೋಡೆ ಆರ್ಗ್ಯಾನಿಕ್ ಕೆಮಿಸ್ಟ್ರಿ. ನೂರಿನ್ನೂರು ಮಂದಿಯ ತರಗತಿ, ಒಂದು ಮಿಡ್‌ಟರ್ಮ್ ಕೈಕೊಟ್ಟರೆ ಜಿಪಿಎ ಕುಸಿಯುತ್ತದೆ. ಮೆಡಿಕಲ್ ಕನಸನ್ನು ಬಿಟ್ಟು ಬೇರೆ ದಾರಿ ಹಿಡಿದವರಲ್ಲಿ ಬಹಳ ಮಂದಿ ಬಿಟ್ಟದ್ದು ಇಲ್ಲಿಯೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಅಲ್ಲಿನ ಅಂಕಿಅಂಶ ನೋಡಿದವರು ಮೋಸಹೋಗುವುದುಂಟು. 2023ರ ಸಾಲಿನಲ್ಲಿ ಎಂ.ಡಿ. ಶಾಲೆಗಳಿಗೆ ಅರ್ಜಿ ಹಾಕಿದವರು ಸುಮಾರು 52 ಸಾವಿರ, ಸೇರಿದವರು ಹತ್ತಿರಹತ್ತಿರ 23 ಸಾವಿರ. ಐವರಲ್ಲಿ ಇಬ್ಬರಿಗೂ ಮಿಕ್ಕಿ ಸೀಟು! ನಮ್ಮಲ್ಲಿ 2024ರಲ್ಲಿ ನೀಟ್ ಬರೆದವರು 23 ಲಕ್ಷ ದಾಟಿದ್ದರು, ಎಂಬಿಬಿಎಸ್ ಸೀಟುಗಳು ಲಕ್ಷದ ಮೇಲೆ ಸ್ವಲ್ಪ. ಆದರೆ ನಮ್ಮ ಸೋಲು ಪಟ್ಟಿಯಲ್ಲಿ ಕಾಣುತ್ತದೆ, ಅವರದು ಕಾಣುವುದಿಲ್ಲ. ಎರಡನೆಯ ವರ್ಷದಲ್ಲೇ ಮನಸ್ಸು ಮುರಿದು ಅರ್ಥಶಾಸ್ತ್ರಕ್ಕೆ ಹೊರಳಿದವಳು ಅರ್ಜಿಯನ್ನೇ ಹಾಕಿರುವುದಿಲ್ಲವಲ್ಲ.

ಅಂಕ ಉಳಿಸಿಕೊಂಡರೆ ಆಯಿತೇ? ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಹಿಂದೆ ನಿಂತು ಕೆಲಸ ನೋಡಿರಬೇಕು, ರೋಗಿಗಳ ಜೊತೆ ಒಡನಾಡಿರಬೇಕು, ಸಾಧ್ಯವಾದರೆ ಲ್ಯಾಬಿನಲ್ಲಿ ಸಂಶೋಧನೆ ಮಾಡಿರಬೇಕು, ಬಡವರ ಊಟದ ಮನೆಯಲ್ಲೋ ಶಾಲೆಯಲ್ಲೋ ಸೇವೆ ಸಲ್ಲಿಸಿರಬೇಕು. ಎಲ್ಲಕ್ಕೂ ಗಂಟೆಗಳ ಲೆಕ್ಕ ಬರೆದಿಡಬೇಕು. ಪ್ರಾಧ್ಯಾಪಕರಿಂದ ಶಿಫಾರಸು ಪತ್ರ ಬೇಕು; ಇನ್ನೂರು ಮಂದಿಯಲ್ಲಿ ತನ್ನ ಮುಖ ಅವರಿಗೆ ನೆನಪಿರಬೇಕಾದರೆ ಅವರ ಕೋಣೆಯ ಬಾಗಿಲು ಆಗಾಗ ತಟ್ಟುತ್ತಿರಬೇಕು. ನಮ್ಮ ಬಹಳಷ್ಟು ಹುಡುಗರಿಗೆ ಮೇಷ್ಟ್ರ ಕೋಣೆಗೆ ಹೋಗುವುದೆಂದರೆ ಬೈಸಿಕೊಳ್ಳಲು ಹೋಗುವುದು ಎಂದೇ ಅರ್ಥ. ಅಲ್ಲಿಯೂ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರ ಸ್ಥಿತಿ ಹೆಚ್ಚುಕಡಿಮೆ ಇದೇ. ಬಾಗಿಲು ತೆರೆದೇ ಇರುತ್ತದೆ, ತಟ್ಟಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. 1920ರ ದಶಕದಲ್ಲಿ ಸೇರಿದ ಹುಡುಗರು ನಡುವೆಯೇ ಓದು ಬಿಟ್ಟುಹೋಗುವುದು ಅತಿಯಾದಾಗ, 1928ರಲ್ಲಿ ಇದರ ಮೊದಲ ರೂಪ ಹುಟ್ಟಿತು. ಈಗಿನ ರೂಪ 2015ರದು. ನಡುವಿನ ವಿರಾಮಗಳು ಸೇರಿ ಏಳೂವರೆ ಗಂಟೆ, 230 ಪ್ರಶ್ನೆ, 472ರಿಂದ 528ರವರೆಗೆ ಅಂಕ. ನಾಲ್ಕು ಭಾಗಗಳಲ್ಲಿ ಒಂದಕ್ಕೆ ವಿಜ್ಞಾನದ ಗಂಧವೇ ಬೇಡ: ತತ್ತ್ವಶಾಸ್ತ್ರ, ಕಲೆ, ಸಮಾಜದ ಬಗ್ಗೆ ಬರೆದ ಗದ್ಯ ಭಾಗಗಳನ್ನು ಓದಿ, ಬರೆದವನ ವಾದ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಹೇಳಬೇಕು. ಇನ್ನೊಂದು ಭಾಗದಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರ ಬರುತ್ತವೆ. ರೋಗಿ ಹೇಳುವ ಕತೆಯನ್ನು ತಾಳ್ಮೆಯಿಂದ ಕೇಳಲಾರದ ಹೌಸ್ ಸರ್ಜನ್‌ಗಳನ್ನು ನಾನು ಕಂಡಷ್ಟು ನೀವು ಕಂಡಿರಲಾರಿರಿ. ಅವರಲ್ಲಿ ಕೆಲವರು ಪಿಯುಸಿಯಲ್ಲಿ ಕನ್ನಡಕ್ಕೆ ನೂರಕ್ಕೆ ನೂರು ತೆಗೆದವರು, ಆದರೆ ಒಂದು ಪುಟವನ್ನು ನಿಂತು ಓದಿದವರಲ್ಲ. ಜೀವಮಾನದಲ್ಲಿ ಏಳು ಸಲಕ್ಕಿಂತ ಹೆಚ್ಚು ಎಂಕ್ಯಾಟ್ ಬರೆಯುವಂತಿಲ್ಲ ಎಂಬ ನಿಯಮವೂ ಇದೆ. ನಮ್ಮ ಲಾಂಗ್ ಟರ್ಮ್ ಕೋಚಿಂಗಿನವರ ಕಿವಿಗೆ ಇದು ಬೀಳದಿರಲಿ.

ಖರ್ಚಿನ ಕತೆ ಬೇಗ ಮುಗಿಸುತ್ತೇನೆ. ಅರ್ಜಿ ಒಂದೇ ಆದರೂ ಸರಾಸರಿ ಹದಿನೇಳು, ಹದಿನೆಂಟು ಶಾಲೆಗಳಿಗೆ ಕಳಿಸುತ್ತಾರೆ. ಮೊದಲನೆಯದಕ್ಕೆ 175 ಡಾಲರಿನ ಆಸುಪಾಸು, ಮುಂದಿನ ಒಂದೊಂದಕ್ಕೂ 45ರ ಆಸುಪಾಸು. ಆಮೇಲೆ ಒಂದೊಂದು ಶಾಲೆಯೂ ತನ್ನದೇ ಪ್ರಶ್ನೆಗಳನ್ನು ಕಳಿಸಿ, ಮತ್ತೆ ಪ್ರಬಂಧ ಬರೆಸಿ, ಬೇರೆ ಶುಲ್ಕ ಕೇಳುತ್ತದೆ. ಬಡವರಿಗೆ ರಿಯಾಯಿತಿ ಉಂಟು. ಆದರೂ ಸೀಟು ಪಡೆದ ನಾಲ್ವರಲ್ಲಿ ಸುಮಾರು ಮೂವರು ಆದಾಯದಲ್ಲಿ ದೇಶದ ಮೇಲಿನ ಐದರಲ್ಲಿ ಎರಡು ಭಾಗದ ಮನೆಗಳಿಂದ ಬಂದವರು ಎಂದು ಆ ಕಾಲೇಜುಗಳ ಸಂಘವೇ 2018ರಲ್ಲಿ ಲೆಕ್ಕ ಕೊಟ್ಟಿತು.

ಈಗ ಆ 5,300 ಅಕ್ಷರಗಳ ಹತ್ತಿರ ಬರೋಣ. ನನ್ನ ಅಕ್ಕನ ಮೊಮ್ಮಗಳು ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು. ಒಂದು ರಾತ್ರಿ ಫೋನು ಮಾಡಿ, ‘ಅಜ್ಜ, ನಂಗೆ ಕಷ್ಟಾನೇ ಬಂದಿಲ್ವಲ್ಲ, ಏನಂತ ಬರೀಲಿ?’ ಅಂದಳು. ಅವಳ ಅಮ್ಮ ಹಿಂದಿನಿಂದ, ‘ಅಜ್ಜಿ ಶುಗರ್ ವಿಷ್ಯ ಬರಿ ಅಂತ ಹೇಳಿ ಮಾಮ’ ಅಂತಿದ್ದಾಳೆ. ನಮ್ಮಕ್ಕನಿಗೆ ಮೂವತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಒಂದು ದಿನ ಬಾಲ್ಟಿಮೋರಿನಲ್ಲೋ ಬಾಸ್ಟನ್ನಿನಲ್ಲೋ ಪ್ರವೇಶ ಸಮಿತಿಯ ಮೇಜಿನ ಮೇಲೆ ಹೋಗಿ ಕೂರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ನಕ್ಕೆ. ಆದರೆ ಹುಡುಗಿಯ ಪ್ರಶ್ನೆ ಹಗುರಾದದ್ದಲ್ಲ. ಇಪ್ಪತ್ತೊಂದರಲ್ಲಿ ಒಬ್ಬರ ಬದುಕಿಗೆ ಕತೆಯ ಆಕಾರ ಬಂದಿರುವುದಿಲ್ಲ. ಬರಲೇಬೇಕು ಎಂದು ಒತ್ತಾಯಿಸಿದರೆ ಅವರು ಇಲ್ಲದ ಆಕಾರವನ್ನು ತಂದು ಹಚ್ಚುತ್ತಾರೆ. ಅದನ್ನು ಹಚ್ಚಿಕೊಡಲು ದುಡ್ಡು ತೆಗೆದುಕೊಳ್ಳುವ ಸಲಹೆಗಾರರೂ ಇದ್ದಾರೆ.

ಇನ್ನೊಂದು ಮಗ್ಗುಲೂ ಇದೆ. ರಾತ್ರಿ ಪಾಳಿಯಲ್ಲಿ ಅಂಗಡಿಯ ಗಲ್ಲಾ ನೋಡಿಕೊಂಡು, ತಮ್ಮನನ್ನು ಸಾಕುತ್ತಾ ಓದುವ ಹುಡುಗನಿಗೆ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ನಿಲ್ಲುವ ಬಿಡುವಿಲ್ಲ. ಆ ಹದಿನೈದು ಬಾಬತ್ತಿನಲ್ಲಿ ಗಲ್ಲಾದ ಕೆಲಸವನ್ನೂ ಬರೆಯಬಹುದು, ನಿಯಮದಲ್ಲಿ ಹಾಗೇ ಇದೆ. ಒಳ್ಳೆಯ ಸಮಿತಿ ಅದಕ್ಕೆ ಬೆಲೆಯನ್ನೂ ಕೊಡುತ್ತದೆ. ಅವನಿಗೇ ಅದು ಬರೆಯಬಹುದಾದ ವಿಷಯ ಎಂದು ಹೊಳೆಯುವುದಿಲ್ಲ.

ಹಾಗಾದರೆ ಮುಖಾಮುಖಿ ಕೂರಿಸಿ ಮಾತಾಡಿಸಿದರೆ? ಅಲ್ಲಿ ಸಂದರ್ಶನವಿಲ್ಲದೆ ಸೀಟು ಇಲ್ಲವೆಂದೇ ಹೇಳಬಹುದು. ನಮಗೂ ಇದು ಹೊಸದಲ್ಲ. 1963ರಲ್ಲಿ ನಮ್ಮ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನ ಇಟ್ಟಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅದಕ್ಕೆ. ಏನೇನು ನೋಡಬೇಕು ಎಂಬ ಪಟ್ಟಿ ಕೇಳಿ: ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಇವತ್ತಿನ ಅಮೆರಿಕದ ಅರ್ಜಿಯ ನಮೂನೆಯನ್ನು ಇದರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ! ಇದು ಸುಪ್ರೀಂ ಕೋರ್ಟಿಗೆ ಹೋಯಿತು. 1964ರ ಜನವರಿಯಲ್ಲಿ ಆರ್. ಚಿತ್ರಲೇಖಾ ಮತ್ತು ಮೈಸೂರು ರಾಜ್ಯದ ನಡುವಿನ ಪ್ರಕರಣದಲ್ಲಿ ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನಮತ ಬರೆದರು. ಕಾನೂನು ಒಪ್ಪಿದರೂ ಜನ ಒಪ್ಪಲಿಲ್ಲ. ಸಂದರ್ಶನ ಎಂದರೆ ಯಾರ ಕಡೆಯವನು ಎಂದು ಕೇಳುವ ಜಾಗ ಎಂಬ ಅನುಮಾನ ಬಲಿಯುತ್ತ ಹೋಯಿತು. 1980ರಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ, ಎರಡು ಮೂರು ನಿಮಿಷದ ಮಾತಿಗೆ ಮೂರನೇ ಒಂದು ಪಾಲು ಅಂಕ ಕೊಟ್ಟದ್ದನ್ನು ಅದೇ ಕೋರ್ಟು ತಳ್ಳಿಹಾಕಿತು. 1994ರಲ್ಲಿ ಸಿಇಟಿ ಸೆಲ್ ಬಂತು, ಗಣಕಯಂತ್ರದ ಮುಂದೆ ರ‍್ಯಾಂಕಿನ ಪ್ರಕಾರ ಸೀಟು ಆರಿಸುವ ಏರ್ಪಾಡು ಗಟ್ಟಿಯಾಯಿತು. ಅರ್ಜಿಯ ಜೊತೆ ಶಿಫಾರಸು ಪತ್ರ ಹಿಡಿದು ಅಲೆದಿದ್ದ ಅಪ್ಪಂದಿರು ಆ ಯಂತ್ರಕ್ಕೆ ಕೈಮುಗಿದದ್ದನ್ನು ನಾನು ಬಲ್ಲೆ, ಅದರಲ್ಲಿ ತಪ್ಪೂ ಕಾಣುವುದಿಲ್ಲ.

ಅಮೆರಿಕದವರಿಗೂ ಸಂದರ್ಶಕರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ರೂಪಿಸಿ, 2004ರಲ್ಲಿ ಪ್ರಕಟಿಸಿದ ಒಂದು ಪದ್ಧತಿ ಈಗ ಅಮೆರಿಕದ ಬಹಳ ಶಾಲೆಗಳಲ್ಲಿದೆ. ಒಬ್ಬರೇ ಅರ್ಧ ಗಂಟೆ ಮಾತಾಡಿಸುವ ಬದಲು ಹತ್ತಾರು ಬಾಗಿಲುಗಳು, ಒಂದೊಂದರಲ್ಲೂ ಕೆಲವೇ ನಿಮಿಷ, ಬೇರೆ ಬೇರೆ ಪರೀಕ್ಷಕರು. ಒಂದು ಕಡೆ ಸಿಟ್ಟಾದ ನೆರೆಮನೆಯವನ ಪಾತ್ರ ಮಾಡುವ ನಟ, ಇನ್ನೊಂದು ಕಡೆ ನೀತಿಯ ಬಿಕ್ಕಟ್ಟು. ಒಬ್ಬರ ಪಕ್ಷಪಾತ ಹತ್ತರಲ್ಲಿ ಕರಗಲಿ ಎಂಬ ಲೆಕ್ಕ. ನಮ್ಮ ಎಂಬಿಬಿಎಸ್ ಪ್ರಾಯೋಗಿಕ ಪರೀಕ್ಷೆಯಲ್ಲಿ ಗಂಟೆ ಬಾರಿಸಿ ಟೇಬಲ್‌ನಿಂದ ಟೇಬಲ್‌ಗೆ ಓಡಿಸುವ ಆಸ್ಕಿ ಇದೆಯಲ್ಲ, ಅದರದೇ ಬಳಗ. ಗಂಟೆ ಬಾರಿಸಿ ಗೊತ್ತಿರುವವನಾಗಿ ಹೇಳುತ್ತೇನೆ, ಇದು ಕೆಟ್ಟ ಉಪಾಯವಲ್ಲ. ಆದರೆ ಇಪ್ಪತ್ಮೂರು ಲಕ್ಷ ಮಕ್ಕಳಿಗೆ ಗಂಟೆ ಬಾರಿಸುವವರು ಯಾರು?

ಮೀಸಲಾತಿಯ ಜಗಳವೂ ಎರಡೂ ಕಡೆ ಮೆಡಿಕಲ್ ಸೀಟಿನ ವಿಷಯ ಹಿಡಿದೇ ನ್ಯಾಯಾಲಯಕ್ಕೆ ಹೋದದ್ದು ಆಶ್ಚರ್ಯ. ಮದರಾಸಿನ ಚಂಪಕಂ ದೊರೈರಾಜನ್ ಪ್ರಕರಣ 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಗೆ ಕಾರಣವಾಯಿತು. 1962ರಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಮೈಸೂರು ಸರ್ಕಾರದ ಶೇ. 68ರ ಮೀಸಲಾತಿ ಬಿದ್ದುಹೋಗಿ, ಅರ್ಧದ ಗೆರೆ ಮೂಡಿತು. ಅಲ್ಲಿ ಆಲನ್ ಬಾಕಿ ಎಂಬ ಎಂಜಿನಿಯರ್‌ನನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಶಾಲೆ ಎರಡು ಸಲ ತಿರಸ್ಕರಿಸಿತು. ನೂರರಲ್ಲಿ ಹದಿನಾರು ಸೀಟು ತೆಗೆದಿಟ್ಟದ್ದು ತಪ್ಪು, ಆದರೆ ಜನಾಂಗವನ್ನು ಇತರ ಸಂಗತಿಗಳ ಜೊತೆ ಒಂದಾಗಿ ಗಮನಿಸಬಹುದು ಎಂದು 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಆ ಎರಡನೆಯ ಬಾಗಿಲನ್ನೂ ಮುಚ್ಚಿತು. ನಾವು ಇಂತಿಷ್ಟು ಎಂದು ಅಂಕಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಬಯ್ಯುವವರಿಗೂ ಬೆಂಬಲಿಸುವವರಿಗೂ ಅಂಕಿ ಕಣ್ಣೆದುರಿಗಿರುತ್ತದೆ. ನನಗೆ ಇದೇ ಹೆಚ್ಚು ಮರ್ಯಾದೆಯ ಏರ್ಪಾಡು ಅನಿಸುತ್ತದೆ.

ಅಮೆರಿಕದಲ್ಲಿರುವ ಕನ್ನಡ ಮನೆಗಳಿಗೂ ತಟ್ಟುವ ಒಂದು ವಿಷಯವನ್ನು ಹೇಳಬೇಕು. ಅಪ್ಪನೋ ಅಮ್ಮನೋ ಎಚ್‌-1ಬಿ ವೀಸಾದಲ್ಲಿ ಹೋಗಿ, ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತಿದ್ದಾರೆ. ಮಗು ಎರಡನೆಯ ವಯಸ್ಸಿನಲ್ಲೇ ಅಲ್ಲಿಗೆ ಹೋದದ್ದು, ಶಾಲೆಯೆಲ್ಲ ಅಲ್ಲಿಯೇ. ಇಪ್ಪತ್ತೊಂದು ತುಂಬಿದ ದಿನ ಅವಲಂಬಿತರ ವೀಸಾ ಮುಗಿಯುತ್ತದೆ, ಮಗು ವಿದೇಶಿ ವಿದ್ಯಾರ್ಥಿಯಾಗುತ್ತದೆ. ಬಹುಪಾಲು ವೈದ್ಯಕೀಯ ಶಾಲೆಗಳು ವಿದೇಶಿಯರ ಅರ್ಜಿಯನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕೆಲವು, ನಾಲ್ಕೂ ವರ್ಷದ ಖರ್ಚಿನ ಹಣವನ್ನು ಮೊದಲೇ ತೋರಿಸಿ ಎನ್ನುತ್ತವೆ. ಅರ್ಜಿ ಹಾಕುವ ವಯಸ್ಸೂ ಅದೇ ಇಪ್ಪತ್ತೊಂದು. ಇದನ್ನು ಮೊದಲ ವರ್ಷದಲ್ಲೇ ತಿಳಿದವರು ದಾರಿ ಬದಲಿಸುತ್ತಾರೆ. ಮೂರನೆಯ ವರ್ಷದಲ್ಲಿ ತಿಳಿದವರ ಪಾಡು ಕೇಳಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಅವರ ಪದ್ಧತಿ ನಮಗೆ ಬೇಡ ಎನ್ನುತ್ತೀರಾ ಎಂದು ನೀವು ಕೇಳಬಹುದು. ಪ್ರಬಂಧ ಬೇಡ, ಸಂದರ್ಶನ ಬೇಡ, ಸೇವೆಯ ಗಂಟೆಗಳ ಲೆಕ್ಕವಂತೂ ಖಂಡಿತ ಬೇಡ. ಮರುದಿನವೇ ನಕಲಿ ಪ್ರಮಾಣಪತ್ರದ ಅಂಗಡಿಗಳು ತೆರೆಯುತ್ತವೆ. ಬೇಕಾದದ್ದು ಅವರ ನಿಧಾನ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಶಾಲೆಯವರು 1987ರಿಂದ ಸಾಹಿತ್ಯ, ಸಮಾಜವಿಜ್ಞಾನ ಓದುವ ಕೆಲವರನ್ನು ಕಾಲೇಜಿನ ನಡುವಿನಲ್ಲೇ ಆರಿಸಿ, ಎಂಕ್ಯಾಟ್ ಬೇಡ, ಆರ್ಗ್ಯಾನಿಕ್ ಕೆಮಿಸ್ಟ್ರಿಯೂ ಬೇಡ, ನಿಮ್ಮ ಓದನ್ನು ನೆಮ್ಮದಿಯಾಗಿ ಮುಗಿಸಿ ಬನ್ನಿ ಎಂದು ಕಳಿಸಿದರು. ಆ ಮಕ್ಕಳು ಮೆಡಿಕಲ್ ಓದಿನಲ್ಲಿ ಉಳಿದವರಿಗೆ ಸಾಟಿಯಾಗಿಯೇ ನಿಂತರು ಎಂದು 2010ರಲ್ಲಿ ಅಲ್ಲಿನವರೇ ಲೆಕ್ಕ ಹಾಕಿ ತೋರಿಸಿದರು. ವಿಜ್ಞಾನವನ್ನು ಆಮೇಲೂ ಕಲಿಯಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡಿದವನು ನಾನು. ನರಕೋಶದ ವಿದ್ಯುತ್ತನ್ನು ಹೇಳಿಕೊಡಬಹುದು. ಹದಿನೇಳರ ಹುಡುಗನಿಗೆ ಸಾವಿನ ಮನೆಯಲ್ಲಿ ಹೇಗೆ ನಿಲ್ಲಬೇಕೆಂದು ಹೇಳಿಕೊಡಲು ನನ್ನ ಕೈಲಾಗಲಿಲ್ಲ.

ನಮ್ಮ ನಿಯಮಗಳಲ್ಲೂ ಈ ನಿಧಾನಕ್ಕೆ ಜಾಗ ಸದ್ದಿಲ್ಲದೆ ಆಗಿದೆ. ನೀಟ್‌ಗಿದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಪಿಯುಸಿಯಲ್ಲಿ ಜೀವಶಾಸ್ತ್ರ ಇಲ್ಲದಿದ್ದವರು ಅದನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಓದಿ ಬರಬಹುದೆಂದು 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿತು. ಅಂದರೆ ಇಪ್ಪತ್ನಾಲ್ಕು ವರ್ಷದ ಬಿ.ಎಸ್ಸಿ. ಪದವೀಧರೆ, ನಾಲ್ಕು ವರ್ಷ ಕೆಲಸ ಮಾಡಿದ ನರ್ಸ್, ಇಂಥವರು ಇವತ್ತು ಪರೀಕ್ಷೆಗೆ ಕೂರಬಹುದು. ಕೂತರೆ ಅವರಿಗೆ ಸಿಗುವುದು ಪಿಯುಸಿ ಪುಸ್ತಕದ 180 ಪ್ರಶ್ನೆ. ಪದವಿಯ ಓದಿಗಾಗಲಿ, ವಾರ್ಡಿನಲ್ಲಿ ಕಳೆದ ರಾತ್ರಿಗಳಿಗಾಗಲಿ ಒಂದು ಅಂಕವೂ ಇಲ್ಲ. ಸರ್ಕಾರಿ ಕಾಲೇಜುಗಳಲ್ಲಿ ನೂರಕ್ಕೆ ಐದು ಸೀಟನ್ನು ಪದವಿ ಮುಗಿಸಿದವರಿಗೆ ಇಟ್ಟು, ಅವರಿಗೆ ಓದಿ ಅರ್ಥಮಾಡಿಕೊಳ್ಳುವ ಬೇರೆಯೇ ಪ್ರಶ್ನೆಪತ್ರಿಕೆ, ಕನ್ನಡದಲ್ಲಿಯೂ, ಕೊಟ್ಟು ನೋಡಬಹುದು. ಹತ್ತು ವರ್ಷ ನಡೆಸಿ ಲೆಕ್ಕ ಹಾಕಲಿ. ಸೋತರೆ ಬಿಟ್ಟುಬಿಡೋಣ, ಸಿಇಟಿಯನ್ನೂ ನಾವು ಹಾಗೇ ಮಾಡಿ ನೋಡಿದ್ದಲ್ಲವೇ?

ಸಭಾಂಗಣವನ್ನು ಏಳೂವರೆಗೆ ಬಿಟ್ಟುಕೊಡಬೇಕಂತೆ. ಮುಂದಿನ ಸಾಲಿನ ತಂದೆತಾಯಿಗಳ ಪ್ರಶ್ನೆಗಳಿಗೆ ಸಮಯ ಉಳಿಸಿದ್ದೇನೆ. ಈ ಸಾಲಿನ ಕಟ್‌ಆಫ್ ಎಷ್ಟಾಗಬಹುದು ಎಂಬುದನ್ನು ಬಿಟ್ಟು ಏನು ಬೇಕಾದರೂ ಕೇಳಿ.